ಮರಣದ ವಹಿಯಲ್ಲಿ ಮನೆಯ ಹೆಸರು: ಸೊಲ್ಲಾಪುರ–ಅಕ್ಕಲಕೋಟೆ ಸೀಮೆಯ ಕನ್ನಡ ಮನೆತನಗಳ ದಾಖಲೆಗಳನ್ನು ಹುಡುಕುವ ಬಗೆ

ಸೊಲ್ಲಾಪುರ ನಗರ, ದಕ್ಷಿಣ ಸೊಲ್ಲಾಪುರ ಹಾಗೂ ಅಕ್ಕಲಕೋಟೆ ತಾಲೂಕುಗಳ ಕನ್ನಡ ಮನೆತನಗಳ ಚರಿತ್ರೆಯನ್ನು ಬರೆಯಹೊರಟವರು ಬಹುಮಟ್ಟಿಗೆ ಮೂರನೆಯ ಇಲ್ಲವೆ ನಾಲ್ಕನೆಯ ತಲೆಮಾರಿಗೆ ಬಂದು ನಿಲ್ಲುತ್ತಾರೆ. ಮುತ್ತಜ್ಜನ ಹೆಸರು ಮನೆಯಲ್ಲಿ ಉಳಿದಿರುತ್ತದೆ. ಆತ ಯಾವ ವರ್ಷ, ಯಾವ ಊರಲ್ಲಿ ತೀರಿಕೊಂಡನೆಂಬುದು ಉಳಿದಿರುವುದಿಲ್ಲ. ಮುತ್ತಜ್ಜಿಯ ಪಾಲಿಗಂತೂ ಹೆಸರೇ ಎರಡಾಗಿರುತ್ತದೆ, ಮನೆಯವರ ಬಾಯಲ್ಲಿ ಒಂದು, ಸರಕಾರಿ ಕಾಗದದಲ್ಲಿ ಇನ್ನೊಂದು. ಈ ತೊಡಕನ್ನು ಬಿಡಿಸುವ ಮೊದಲ ಸಾಧನವೆಂದರೆ ಮರಣದ ದಾಖಲೆ. ಒಬ್ಬ ವ್ಯಕ್ತಿಯ ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು, ದಿನಾಂಕ ಇವು ನಾಲ್ಕೂ ಒಂದೇ ಸಾಲಿನಲ್ಲಿ ಸಿಗುವ ಕಾಗದ ನಮ್ಮ ಸೀಮೆಯ ಸಾಮಾನ್ಯ ಒಕ್ಕಲುಮಕ್ಕಳ, ನೇಕಾರರ, ಗಿರಣಿ ಕಾರ್ಮಿಕರ ಪಾಲಿಗೆ ಬೇರೆ ಹೆಚ್ಚಿಲ್ಲ.

ಆದರೆ ಈ ದಾಖಲೆ ಕೇಳಿದೊಡನೆ ಕೈಗೆ ಬರುವಂಥದಲ್ಲ. ಕಚೇರಿಯ ಮೆಟ್ಟಿಲು ಹತ್ತುವ ಮೊದಲೇ ಸಂಶೋಧಕರು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡಿರಬೇಕು. ಆ ಸಾವು ಯಾವ ಆಡಳಿತದ ಹದ್ದಿನಲ್ಲಿ ನಡೆಯಿತು? ಯಾವ ಸ್ಥಳದಲ್ಲಿ ನಡೆಯಿತು? ಸುಮಾರು ಯಾವ ಕಾಲದಲ್ಲಿ? ಬರೆದುಕೊಂಡವನ ಕಿವಿಗೆ ಆ ಹೆಸರು ಹೇಗೆ ಕೇಳಿಸಿತು? ಗಡಿಯ ಕನ್ನಡಿಗರ ವಿಷಯದಲ್ಲಿ ಕೊನೆಯ ಪ್ರಶ್ನೆಯೇ ಹೆಚ್ಚಿನ ಮಹತ್ತ್ವದ್ದು ಎಂಬುದನ್ನು ತೋರಿಸುವುದು ಈ ಬರಹದ ಉದ್ದೇಶ.

ವಿವರಣೆಯ ಅನುಕೂಲಕ್ಕಾಗಿ ಒಂದು ಮನೆತನವನ್ನು ಕಲ್ಪಿಸಿಕೊಳ್ಳೋಣ. ಅಕ್ಕಲಕೋಟೆ ಸಂಸ್ಥಾನದ ಒಂದು ಹಳ್ಳಿಯ ಸಿದ್ದರಾಮಪ್ಪ ಎಂಬವನು ಬರಗಾಲದ ಬೇಗೆಗೆ ಊರು ಬಿಟ್ಟು ಸೊಲ್ಲಾಪುರದ ಗಿರಣಿಯೊಂದಕ್ಕೆ ದುಡಿಯಲು ಬಂದ. ‘ದೊಡ್ಡ ಜ್ವರದ ವರ್ಷ’ ಅಲ್ಲಿಯೇ ತೀರಿಕೊಂಡ. ಹೆಂಡತಿ ನೀಲವ್ವ ಮಕ್ಕಳನ್ನು ಕಟ್ಟಿಕೊಂಡು ಹಳ್ಳಿಗೆ ಮರಳಿ, ಕೆಲವು ವರ್ಷಗಳ ತರುವಾಯ ಅಲ್ಲಿ ಮಡಿದಳು. ಮಗಳನ್ನು ಆಳಂದ ಸೀಮೆಗೆ ಕೊಟ್ಟಿದ್ದರು. ಆಕೆ ಬಾಣಂತಿತನದಲ್ಲಿ ಅಲ್ಲಿಯೇ ತೀರಿಕೊಂಡಳು. ಹೆಸರುಗಳು ಕಲ್ಪಿತವಾದರೂ ಇಂಥ ಕಥೆ ಈ ಭಾಗದ ಅನೇಕ ಮನೆಗಳದು.

ಯಾವ ಆಡಳಿತ?

ಮೇಲಿನ ಮೂರು ಸಾವುಗಳು ಒಂದು ದಿನದ ಚಕ್ಕಡಿ ಪ್ರಯಾಣದಷ್ಟು ಅಂತರದ ಊರುಗಳಲ್ಲಿ ನಡೆದವು. ಆದರೂ ಅವು ಮೂರು ಸರಕಾರಗಳಿಗೆ ಸೇರಿದ ಸಾವುಗಳು. ಸೊಲ್ಲಾಪುರ ನಗರ ಮುಂಬಯಿ ಇಲಾಖೆಯ ಬ್ರಿಟಿಷ್ ಜಿಲ್ಲೆಯ ಮುಖ್ಯ ಸ್ಥಳ. ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಅದರ ದಫ್ತರ ಪ್ರತ್ಯೇಕವಾಗಿತ್ತು. ಆಳಂದ ಹೈದರಾಬಾದಿನ ನಿಜಾಮರ ಆಳ್ವಿಕೆಯ ಸೀಮೆ. 1948ರ ಸೆಪ್ಟೆಂಬರ್ 17ರ ತರುವಾಯ ಭಾರತ ಒಕ್ಕೂಟಕ್ಕೆ, 1956ರ ನವೆಂಬರ್ 1ರಂದು ಆಗಿನ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ಪಕ್ಕದ ವಿಜಾಪುರ ಜಿಲ್ಲೆಯೂ ಮುಂಬಯಿ ರಾಜ್ಯದಿಂದ ಮೈಸೂರಿಗೆ ಬಂದಿತು. ಸೊಲ್ಲಾಪುರ ಜಿಲ್ಲೆ ಮಾತ್ರ ಮುಂಬಯಿಯಲ್ಲಿಯೇ ಉಳಿದು 1960ರ ಮೇ 1ರಂದು ಮಹಾರಾಷ್ಟ್ರದ ಭಾಗವಾಯಿತು.

ಆಡಳಿತ ಬೇರೆಯಾದಂತೆ ವಹಿಯ ಭಾಷೆ, ಲಿಪಿ, ಕಾಲಗಣನೆಗಳೂ ಬೇರೆಯಾಗುತ್ತವೆ. ಮುಂಬಯಿ ಇಲಾಖೆಯ ಹಳ್ಳಿಯ ವಹಿಗಳು ಮರಾಠಿ ಭಾಷೆಯಲ್ಲಿ, ಹಳೆಯವು ಮೋಡಿ ಲಿಪಿಯಲ್ಲಿ, ಈಚಿನವು ಬಾಳಬೋಧದಲ್ಲಿ ಇವೆ. ನಿಜಾಮರ ಸೀಮೆಯಲ್ಲಿ 1884ರಿಂದ ಉರ್ದು ಆಡಳಿತ ಭಾಷೆ. ಅಲ್ಲಿಯ ಕಾಗದಗಳಲ್ಲಿ ಫಸಲಿ ವರ್ಷ ಕಾಣಿಸುತ್ತದೆ. ತಿಂಗಳನ್ನು ನೋಡಿಕೊಂಡು ಅದಕ್ಕೆ 590 ಇಲ್ಲವೆ 591 ಕೂಡಿಸಿದರೆ ಇಂಗ್ಲಿಷ್ ವರ್ಷ ಸಿಗುತ್ತದೆ. ಶಾಲಿವಾಹನ ಶಕೆಯಾದರೆ 78 ಇಲ್ಲವೆ 79 ಕೂಡಿಸಬೇಕು. ಒಂದು ವರ್ಷದ ಈ ಹಿಂದುಮುಂದು ಚಿಕ್ಕದೆಂದು ತೋರಬಹುದು. ಹುಡುಕುವ ಶುಲ್ಕವನ್ನು ವರ್ಷಕ್ಕಿಷ್ಟೆಂದು ಲೆಕ್ಕಹಾಕುವ ಕಚೇರಿಯಲ್ಲಿ, ಪುಟ ಪುಟವನ್ನೂ ಕಣ್ಣಿಟ್ಟು ಓದಬೇಕಾದ ವಹಿಯಲ್ಲಿ ಅದು ಚಿಕ್ಕದಲ್ಲ.

ಅಕ್ಕಲಕೋಟೆ ಸಂಸ್ಥಾನಕ್ಕೆ ಸೊಲ್ಲಾಪುರದ ಕಲೆಕ್ಟರರೇ ಬಹುಕಾಲ ಪೊಲಿಟಿಕಲ್ ಏಜಂಟರಾಗಿದ್ದರು. 1933ರಲ್ಲಿ ಕೊಲ್ಲಾಪುರವನ್ನು ಕೇಂದ್ರವಾಗಿಸಿ ದಖ್ಖನ್ ಸಂಸ್ಥಾನಗಳ ಏಜನ್ಸಿ ಸ್ಥಾಪನೆಯಾಯಿತು. ಆದ್ದರಿಂದ ಸಂಸ್ಥಾನದ ಆಡಳಿತ ಪತ್ರವ್ಯವಹಾರವನ್ನು ಅರಸುವವರು ಮುಂಬಯಿಯ ರಾಜ್ಯ ಪತ್ರಾಗಾರದ ರಾಜಕೀಯ ಇಲಾಖೆಯ ಕಡತಗಳನ್ನೂ ನೋಡಬೇಕಾಗುತ್ತದೆ. ಆದರೆ ಅಲ್ಲಿ ಸಾಂಕ್ರಾಮಿಕಗಳ ವರದಿ ಸಿಕ್ಕೀತೇ ಹೊರತು ಒಬ್ಬ ಒಕ್ಕಲಿಗನ ಸಾವು ಸಿಗಲಾರದು. ವ್ಯಕ್ತಿಯ ಹೆಸರನ್ನು ಹುಡುಕುವವರು ತಾಲೂಕಿನಿಂದಲೇ ಆರಂಭಿಸುವುದು ಒಳ್ಳೆಯದು.

ಯಾವ ಸ್ಥಳ?

ಇಂದು ಜಾರಿಯಲ್ಲಿರುವುದು 1969ರ ಜನನ ಮತ್ತು ಮರಣ ನೋಂದಣಿ ಕಾಯಿದೆ. ಮಹಾರಾಷ್ಟ್ರದಲ್ಲಿ ಅದು 1970ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಇದರ ಮೂಲತತ್ತ್ವವನ್ನು ಮನಸ್ಸಿನಲ್ಲಿಡಬೇಕು: ಸಾವು ದಾಖಲಾಗುವುದು ನಡೆದ ಸ್ಥಳದಲ್ಲಿ, ಸತ್ತವರ ವಾಸಸ್ಥಳದಲ್ಲಲ್ಲ. ಅಕ್ಕಲಕೋಟೆ ತಾಲೂಕಿನ ರೈತನೊಬ್ಬ ಸೊಲ್ಲಾಪುರದ ಸರಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡರೆ ಅವನ ಹೆಸರು ಸೊಲ್ಲಾಪುರ ಮಹಾನಗರಪಾಲಿಕೆಯ ವಹಿಯಲ್ಲಿರುತ್ತದೆ, ಅವನ ಗ್ರಾಮಪಂಚಾಯಿತಿಯಲ್ಲಿ ಅಲ್ಲ. ಕಲಬುರಗಿಯ ಆಸ್ಪತ್ರೆಯಲ್ಲಿ ತೀರಿಕೊಂಡರೆ ರಾಜ್ಯವೇ ಬೇರೆಯಾಯಿತು. ದಾಖಲೆ ಕರ್ನಾಟಕದ ಇ-ಜನ್ಮ ವ್ಯವಸ್ಥೆಯಲ್ಲಿರುತ್ತದೆ. ಚಲಿಸುವ ವಾಹನದಲ್ಲಿ ಪ್ರಾಣ ಹೋದರೆ ವಾಹನ ಮೊದಲು ನಿಂತ ಸ್ಥಳವೇ ನೋಂದಣಿಯ ಸ್ಥಳ. ಊರಿನಲ್ಲಿ ಮಣ್ಣು ಮಾಡಿದ್ದಾರೆಂಬ ಕಾರಣಕ್ಕೆ ಊರಿನ ವಹಿಯಲ್ಲಿಯೇ ಹೆಸರಿದೆಯೆಂದು ತಿಳಿಯುವುದು ಹುಡುಕುವವರು ಎಡವುವ ಮೊದಲ ಹೆಜ್ಜೆ.

ಹಳ್ಳಿಯಲ್ಲಿ ನಡೆದ ಸಾವಿಗೆ ಗ್ರಾಮಪಂಚಾಯಿತಿ, ಅಕ್ಕಲಕೋಟೆ, ಮೈಂದರ್ಗಿ, ದುಧನಿಯಂಥ ಪಟ್ಟಣಗಳಲ್ಲಿ ನಗರಪರಿಷತ್ತು, ಸೊಲ್ಲಾಪುರದಲ್ಲಿ ಮಹಾನಗರಪಾಲಿಕೆಯ ಜನನ-ಮರಣ ವಿಭಾಗ, ಇವು ಇಂದಿನ ನೋಂದಣಿ ಸ್ಥಾನಗಳು. ಸೊಲ್ಲಾಪುರ 1964ರಲ್ಲಿ ಮಹಾನಗರಪಾಲಿಕೆಯಾಯಿತು. 1992ರಲ್ಲಿ ಅದರ ಹದ್ದು ವಿಸ್ತಾರಗೊಂಡು ಸೋರೆಗಾಂವ, ಮಜರೇವಾಡಿ, ಶೆಳಗಿ, ಬಾಳೆಯಂಥ ಊರುಗಳು ನಗರದೊಳಗೆ ಬಂದವು. ಇಂದು ನಗರದ ಬಡಾವಣೆಯೆನಿಸಿದ ಸ್ಥಳದಲ್ಲಿ 1980ರಲ್ಲಿ ನಡೆದ ಸಾವನ್ನು ಗ್ರಾಮಪಂಚಾಯಿತಿಯ ವಹಿಯಲ್ಲಿ ಬರೆಯಲಾಗಿರುತ್ತದೆ ಎಂಬುದನ್ನು ಮರೆಯಬಾರದು.

1970ಕ್ಕಿಂತ ಹಿಂದಿನ ಹಳ್ಳಿಗಳ ಸ್ಥಿತಿ ಬೇರೆ. ಪಾಟೀಲ, ಕುಲಕರ್ಣಿ, ಕೋತವಾಲ ಮೊದಲಾದ ಗ್ರಾಮ ಅಧಿಕಾರಿಗಳ ಮೂಲಕ ಬರೆಸಿದ ಜನನ-ಮರಣದ ವಹಿಗಳು ಕಂದಾಯ ದಫ್ತರದಲ್ಲಿ ‘ಗಾವ ನಮುನಾ 14’ ಎಂಬ ಹೆಸರಿನಿಂದ, ಜನರ ಬಾಯಲ್ಲಿ ‘ಕೋತವಾಲ ಬುಕ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿವೆ. ಇವುಗಳನ್ನು ತಹಶೀಲ್ದಾರ ಕಚೇರಿಯ ಅಭಿಲೇಖ ಕಕ್ಷದಲ್ಲಿ ಕೇಳಬೇಕು. ಹೆಸರಿನ ಎದುರಿಗೆ ಜಾತಿಯನ್ನೂ ಬರೆಯುತ್ತಿದ್ದುದರಿಂದ ಜಾತಿ ಪ್ರಮಾಣಪತ್ರದ ಪರಿಶೀಲನೆಗೆ ಈ ವಹಿಗಳಿಗೆ ತುಂಬ ಬೇಡಿಕೆ. 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಸಂದೀಪ ಶಿಂದೆ ಅವರ ಸಮಿತಿ ಕುಣಬಿ ನಮೂದುಗಳನ್ನು ಶೋಧಿಸಿದಾಗ ಪರಿಶೀಲಿಸಿದ ದಾಖಲೆಗಳಲ್ಲಿ ಇವೂ ಸೇರಿದ್ದವು. ಧೂಳು ಹಿಡಿದ ಗಂಟುಗಳು ಬಿಚ್ಚಿದ್ದು, ಮೋಡಿ ಬಲ್ಲವರಿಗೆ ಕರೆ ಬಂದದ್ದು ಈ ಶೋಧದಿಂದಾದ ಲಾಭ.

ಯಾವ ಕಾಲ?

ಮನೆಯ ನೆನಪು ದಿನಾಂಕವನ್ನು ಹೇಳುವುದಿಲ್ಲ, ಘಟನೆಯನ್ನು ಹೇಳುತ್ತದೆ. ‘ಪ್ಲೇಗಿನಾಗ ಹ್ವಾದ’, ‘ಗಡ್ಡಾ ಜಾತ್ರಿ ಮುಗದ ಎಂಟ ದಿನಕ್ಕ’, ‘ರಝಾಕಾರರ ಗದ್ದಲದಾಗ’, ‘ಬಾಹತ್ತರ್‌ನ ಬರದಾಗ’ ಎಂಬಂಥ ಮಾತುಗಳನ್ನು ಸಂಶೋಧಕರು ಕಾಲದ ಗುರುತುಗಳಾಗಿ ಮಾರ್ಪಡಿಸಿಕೊಳ್ಳಬೇಕು. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು ಮುಂದಿನ ವರ್ಷಗಳಲ್ಲಿ ಇಲಾಖೆಯನ್ನೆಲ್ಲ ವ್ಯಾಪಿಸಿತು. ಇನ್ಫ್ಲುಯೆಂಝಾ ಜ್ವರದ ಘೋರ ಅಲೆ 1918ರ ಸೆಪ್ಟೆಂಬರಿನಿಂದ ವರ್ಷಾಂತ್ಯದವರೆಗಿನದು. ಸೊಲ್ಲಾಪುರದ ಮಾರ್ಷಲ್ ಲಾ 1930ರ ಮೇ-ಜೂನಿನದು. ಮಲ್ಲಪ್ಪ ಧನಶೆಟ್ಟಿ ಮೊದಲಾದ ನಾಲ್ವರು ಹುತಾತ್ಮರಾದದ್ದು 1931ರ ಜನವರಿ 12ರಂದು. ರಝಾಕಾರರ ಹಾವಳಿ 1947-48ರದು. ದೊಡ್ಡ ಬರ 1972ರದು. ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಯೆಂದರೆ ಸಂಕ್ರಾಂತಿಯ ಆಸುಪಾಸು, ಜನವರಿಯ ಮಧ್ಯಭಾಗ. ಮನೆಯಲ್ಲಿ ಹಿರಿಯರ ತಿಥಿ ಆಚರಿಸುತ್ತಿದ್ದರೆ ಮಾಸ, ಪಕ್ಷ, ತಿಥಿ ಮೂರೂ ಸಿದ್ಧವಾಗಿ ಸಿಗುತ್ತವೆ. ವರ್ಷವೊಂದನ್ನು ಊಹಿಸಿ ಹಳೆಯ ಪಂಚಾಂಗದೊಡನೆ ತಾಳೆ ನೋಡಿದರೆ ಹುಡುಕಬೇಕಾದ ಪುಟಗಳು ಹತ್ತಕ್ಕೆ ಇಳಿಯುತ್ತವೆ.

ವಹಿಯನ್ನು ತೆರೆದಾಗ ಇನ್ನೊಂದು ಎಚ್ಚರ ಬೇಕು. ನಮೂದುಗಳು ಇರುವುದು ಬರೆಸಿದ ದಿನದ ಅನುಕ್ರಮದಲ್ಲಿ, ಸತ್ತ ದಿನದ ಅನುಕ್ರಮದಲ್ಲಿ ಅಲ್ಲ. ಸಾಂಕ್ರಾಮಿಕದ ಕಾಲದಲ್ಲಿ ಸಾವಿನ ಸುದ್ದಿ ವಹಿಯನ್ನು ತಡವಾಗಿ ತಲುಪುವುದು ಸಹಜ. ಆದ್ದರಿಂದ ಅಂದಾಜಿನ ತಿಂಗಳಿಗಿಂತ ಮುಂದಿನ ಎರಡು ಮೂರು ತಿಂಗಳನ್ನೂ ಓದಬೇಕು.

ಹಳೆಯ ವಹಿಗಳಲ್ಲಿ ಸಾವಿನ ಕಾರಣದ ಅಂಕಣವಿರುತ್ತದೆ. ಪಟಕಿ ಎಂದರೆ ಕಾಲರಾ, ದೇವಿ ಎಂದರೆ ಸಿಡುಬು, ಹಗವಣ ಎಂದರೆ ಭೇದಿ, ತಾಪ ಎಂದರೆ ಜ್ವರ. ಬರೆಯುತ್ತಿದ್ದವರಿಗೆ ವೈದ್ಯಕೀಯ ತರಬೇತಿ ಇರಲಿಲ್ಲವಾದ್ದರಿಂದ ತಾಪವೆಂಬುದು ಎಲ್ಲವನ್ನೂ ನುಂಗುವ ಪದವಾಗಿತ್ತು. 1918ರ ಇನ್ಫ್ಲುಯೆಂಝಾ ಸಾವುಗಳಲ್ಲಿ ಬಹುಪಾಲು ಜ್ವರದ ಲೆಕ್ಕಕ್ಕೇ ಸೇರಿದವು. ನಮ್ಮ ಕಲ್ಪಿತ ಸಿದ್ದರಾಮಪ್ಪನ ಎದುರಿಗೆ ಬರಿಯ ‘ತಾಪ’ ಎಂದಿದ್ದರೂ ತಿಂಗಳು ಅಕ್ಟೋಬರ್, ವರ್ಷ 1918 ಆಗಿದ್ದು, ಅದೇ ಪುಟದ ಹಿಂದುಮುಂದಿನ ಸಾಲುಗಳೆಲ್ಲ ತಾಪದ ಸಾವುಗಳೇ ಆಗಿದ್ದರೆ ‘ದೊಡ್ಡ ಜ್ವರ’ ಯಾವುದೆಂಬುದು ಸ್ಪಷ್ಟ. ಒಂದೇ ಸಾಲನ್ನು ನಕಲು ಮಾಡಿಕೊಂಡು ಬರುವವರಿಗೆ ಈ ಅರ್ಥ ದೊರೆಯದು. ಇಡೀ ಪುಟವನ್ನು ಓದಿದವರಿಗೆ ದೊರೆಯುತ್ತದೆ.

ಹೆಸರು ಹೇಗೆ ಕೇಳಿಸಿತು?

ಇದುವರೆಗಿನ ಮೂರು ಪ್ರಶ್ನೆಗಳು ಯಾವ ಸೀಮೆಯ ಸಂಶೋಧಕರಿಗೂ ಅನ್ವಯಿಸುವಂಥವು. ನಾಲ್ಕನೆಯದು ಗಡಿಯವರದೇ. ಕನ್ನಡ ಆಡುವ ಮನೆಯವನೊಬ್ಬ ಬಾಯಿಂದ ಹೇಳಿದ ಹೆಸರನ್ನು ಮರಾಠಿಯಲ್ಲಿ ಬರೆಯುವ ಗುಮಾಸ್ತ ಕಿವಿಯಿಂದ ಕೇಳಿ ತನ್ನ ಲಿಪಿಗೆ ಇಳಿಸಿದ. ಆ ಇಳಿತದಲ್ಲಿ ಕೆಲವು ನಿಯತವಾದ ಮಾರ್ಪಾಟುಗಳು ನಡೆಯುತ್ತವೆ. ಅವುಗಳನ್ನು ಅರಿತವರು ಹೆಸರನ್ನು ಹಿಂದಕ್ಕೆ ಓದಬಲ್ಲರು.

ಮೊದಲನೆಯದು ಧ್ವನಿಯ ಮಾರ್ಪಾಟು. ಮರಾಠಿಯ ರೂಢಿಯಲ್ಲಿ ಇಕಾರದ ಹಿಂದಿನ ಸಕಾರ ಶಕಾರವಾಗುವುದುಂಟು. ಹೀಗಾಗಿ ಸಿದ್ದರಾಮ ಶಿದ್ರಾಮನಾಗುತ್ತಾನೆ, ಗುರುಸಿದ್ದ ಗುರುಶಿದ್ಧನಾಗುತ್ತಾನೆ. ಬಸಪ್ಪ, ಕಲ್ಲಪ್ಪ, ಮಲ್ಲಪ್ಪ ಎಂಬವು ಬಸಾಪ್ಪಾ, ಕಲ್ಲಾಪ್ಪಾ, ಮಲಾಪ್ಪಾ ಎಂದು ದೀರ್ಘಗೊಳ್ಳುತ್ತವೆ. ಎಲ್ಲಪ್ಪ ಯಲ್ಲಾಪ್ಪಾ ಆಗುತ್ತಾನೆ, ಒಡೆಯರ ವಡೆಯರ ಆಗುತ್ತಾನೆ. ಈರಪ್ಪ ಒಮ್ಮೆ ಇರಾಪ್ಪಾ, ಒಮ್ಮೆ ವಿರಾಪ್ಪಾ. ನಮ್ಮ ಸೀಮೆಯ ಆಡುನುಡಿಯಲ್ಲಿ ಮನೆ ‘ಮನಿ’ಯಾಗಿರುವುದರಿಂದ ಹೊಸಮನಿಯಂಥ ಅಡ್ಡಹೆಸರುಗಳು ಆ ರೂಪದಲ್ಲಿಯೇ ವಹಿಗೆ ಬಂದಿವೆ, ಗ್ರಾಂಥಿಕ ರೂಪವನ್ನು ಹುಡುಕಿದರೆ ಸಿಗುವುದಿಲ್ಲ.

ಎರಡನೆಯದು ಲಿಪಿಯ ಮಾರ್ಪಾಟು. ದೇವನಾಗರಿಯ ಮರಾಠಿ ಬರವಣಿಗೆಯಲ್ಲಿ ನಮ್ಮ ಹ್ರಸ್ವ-ದೀರ್ಘ ಎಕಾರ, ಒಕಾರಗಳ ಭೇದವಿಲ್ಲ. ಮೋಡಿಯಲ್ಲಿ ಇಕಾರ, ಉಕಾರಗಳ ಹ್ರಸ್ವ-ದೀರ್ಘ ಭೇದವೂ ಅಳಿಯುತ್ತದೆ. ಪುಟದ ಅಡ್ಡಕ್ಕೆ ಮೊದಲೇ ಗೆರೆ ಎಳೆದು, ಲೇಖಣಿ ಎತ್ತದೆ, ಪದಗಳ ನಡುವೆ ಜಾಗ ಬಿಡದೆ ಬರೆಯುವ ಲಿಪಿ ಅದು. ಮರಾಠಿ ಹೆಸರನ್ನು ಓದಲು ಪಳಗಿದ ಕಣ್ಣು ಅಪರಿಚಿತವಾದ ಕನ್ನಡ ಹೆಸರಿನ ಮೇಲೆ ಮುಗ್ಗರಿಸುತ್ತದೆ. ಕನ್ನಡ ಬಲ್ಲ ಸಂಶೋಧಕರು ಮೋಡಿ ಬಲ್ಲವರ ಪಕ್ಕದಲ್ಲಿ ಕುಳಿತು, ಅವರು ಅಕ್ಷರ ಹೇಳಿದಂತೆ ತಾವು ಹೆಸರು ಕಟ್ಟುವುದೇ ಇದಕ್ಕೆ ಸರಿಯಾದ ಉಪಾಯ.

ಮೂರನೆಯದು ಅನುವಾದದ ಮಾರ್ಪಾಟು. ಇದೇ ಹೆಚ್ಚು ದಾರಿ ತಪ್ಪಿಸುವಂಥದು. ನೀಲವ್ವ ನಿಲಾಬಾಯಿಯಾಗುತ್ತಾಳೆ, ಗಂಗವ್ವ ಗಂಗಾಬಾಯಿಯಾಗುತ್ತಾಳೆ. ಜಾತಿಯ ಅಂಕಣದಲ್ಲಿಯೂ ಇದೇ ನಡೆಯುವ ಸಾಧ್ಯತೆಯಿದೆ: ಕುರುಬರು ಧನಗರರೆಂದು, ಬಣಜಿಗರು ವಾಣಿಗಳೆಂದು, ಗಾಣಿಗರು ತೇಲಿಗಳೆಂದು, ಹಟಗಾರರು ಕೋಷ್ಟಿಗಳೆಂದು ಬರೆಯಲ್ಪಟ್ಟಿರಬಹುದು. ಸಂಶೋಧಕರು ಇಲ್ಲಿ ಆತುರಪಡಬಾರದು. ವಹಿಯ ಪದ ಗುಮಾಸ್ತನ ತಿಳಿವಳಿಕೆಯನ್ನು ತೋರಿಸುತ್ತದೆ. ಮನೆಯವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕು.

ಅಡ್ಡಹೆಸರಿಲ್ಲದ ನಮೂದುಗಳೂ ಹಳೆಯ ವಹಿಗಳಲ್ಲಿ ಬರುತ್ತವೆ. ಅಲ್ಲಿ ನೆರವಿಗೆ ನಿಲ್ಲುವ ಪದಗಳು ಎರಡು: ಮಗನೆಂಬರ್ಥದ ‘ಬಿನ್’, ಹೆಂಡತಿಯೆಂಬರ್ಥದ ‘ಕೋಂ’. ಕರ್ನಾಟಕದ ಕಂದಾಯ ಕಾಗದಗಳಲ್ಲಿಯೂ ಇರುವ ಈ ಎರಡು ಪದಗಳು ಗಡಿಯ ಎರಡೂ ಬದಿಯ ದಫ್ತರಗಳನ್ನು ಜೋಡಿಸುತ್ತವೆ. ಮುಸಲ್ಮಾನ ಮನೆತನಗಳಿಗೆ ‘ವಲದ’ ಎಂದಿರುವುದುಂಟು. ಸ್ತ್ರೀಯರನ್ನು ಹುಡುಕುವಾಗ ಸ್ವಂತ ಹೆಸರನ್ನು ನೆಚ್ಚದೆ ಗಂಡನ ಹೆಸರಿನಿಂದ ಸಾಗುವುದು ಲೇಸು. ‘ನಿಲಾಬಾಯಿ ಕೋಂ ಶಿದ್ರಾಮ’ ಎಂಬ ಸಾಲು ಸಿಕ್ಕಾಗ ಎರಡು ಹೆಸರುಗಳೂ ಮರಾಠಿ ರೂಪದವಾದರೂ ಆ ಜೋಡಿ ಒಂದೇ ಮನೆಯದೆಂಬುದು ನಿಶ್ಚಯಕ್ಕೆ ಹತ್ತಿರವಾಗುತ್ತದೆ. ಊರು, ವಯಸ್ಸು ತಾಳೆಯಾದರೆ ನಿಶ್ಚಯವೇ ಆಗುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಭಾಷಾಸಂಶೋಧಕರ ಗಮನಕ್ಕೆ ತರಬೇಕು. ಇಂದಿನ ಮರಣ ವರದಿಯ ನಮೂನೆಯಲ್ಲಿ ಧರ್ಮ, ಉದ್ಯೋಗ, ಪಡೆದ ಚಿಕಿತ್ಸೆ, ತಂಬಾಕು ಮದ್ಯಗಳ ಚಟದ ಬಗೆಗೂ ಪ್ರಶ್ನೆಗಳಿವೆ, ಮಾತೃಭಾಷೆಯ ಪ್ರಶ್ನೆಯಿಲ್ಲ. ಸತ್ತವರು ಕನ್ನಡಿಗರೆಂದು ಹೇಳುವ ಅಂಕಣ ಈ ದಾಖಲೆಯಲ್ಲಿ ಎಲ್ಲಿಯೂ ಇಲ್ಲ. ಹೇಳುವುದೇನಿದ್ದರೂ ಹೆಸರು ಹೇಳಬೇಕು. ಆ ಹೆಸರೂ ಬದಲಾದ ರೂಪದಲ್ಲಿರುವಾಗ, ಬದಲಾವಣೆಯ ನಿಯಮಗಳನ್ನು ಬಲ್ಲವರೇ ಅದರ ಭಾಷೆಯನ್ನು ಕೇಳಿಸಿಕೊಳ್ಳಬಲ್ಲರು.

ಅರ್ಜಿಯನ್ನು ಬರೆಯುವ ಕ್ರಮ

ಕಾಯಿದೆಯ 17ನೆಯ ಕಲಮು ವಹಿಯಲ್ಲಿ ಹುಡುಕಿಸುವ, ನಮೂದಿನ ಉದ್ಧೃತಿಯನ್ನು ಪಡೆಯುವ ಹಕ್ಕನ್ನು ಯಾವ ವ್ಯಕ್ತಿಗೂ ನಿಯಮಗಳಿಗೆ ಒಳಪಟ್ಟು ಕೊಡುತ್ತದೆ. ಆದರೆ ಹೀಗೆ ಕೊಡುವ ಉದ್ಧೃತಿಯಲ್ಲಿ ಸಾವಿನ ಕಾರಣವನ್ನು ಬಹಿರಂಗಪಡಿಸಲಾಗದು. ಈ ನಿರ್ಬಂಧವನ್ನು ಅಧಿಕಾರಿಯ ಹಟವೆಂದು ತಿಳಿದು ವಾದಿಸುವುದು ವ್ಯರ್ಥ.

ಅರ್ಜಿಯಲ್ಲಿರಬೇಕಾದವು ಇವು: ಸತ್ತವರ ಹೆಸರು, ಅದರ ಸಂಭವನೀಯ ರೂಪಗಳೆಲ್ಲವೂ, ತಂದೆ ಅಥವಾ ಗಂಡನ ಹೆಸರು, ಅದರ ರೂಪಗಳೂ, ಸಾವು ನಡೆದ ಊರು, ನಗರವಾದರೆ ಪೇಠ, ಹುಡುಕಬೇಕಾದ ವರ್ಷಗಳ ಆರಂಭ ಮತ್ತು ಅಂತ್ಯ, ಅರ್ಜಿದಾರರಿಗೂ ಸತ್ತವರಿಗೂ ಇರುವ ಸಂಬಂಧ, ದಾಖಲೆ ಬೇಕಾದ ಉದ್ದೇಶ. ಹುಡುಕಾಟದ ಶುಲ್ಕ ಮೊದಲ ವರ್ಷಕ್ಕೆ ಇಷ್ಟು, ಮುಂದಿನ ಪ್ರತಿ ವರ್ಷಕ್ಕೆ ಇಷ್ಟು ಎಂಬ ಕ್ರಮದಲ್ಲಿರುವುದರಿಂದ ವರ್ಷಗಳ ಅವಧಿಯನ್ನು ಸ್ಪಷ್ಟವಾಗಿ ಬರೆಯಬೇಕು. ‘ಸುಮಾರು ಸ್ವಾತಂತ್ರ್ಯದ ಕಾಲ’ ಎಂದು ಬರೆದ ಅರ್ಜಿಯನ್ನು ಯಾವ ಗುಮಾಸ್ತನೂ ಮುಂದಕ್ಕೆ ಸಾಗಿಸಲಾರ. ‘1946ರಿಂದ 1949’ ಎಂದು ಬರೆದುದನ್ನು ಸಾಗಿಸುತ್ತಾನೆ.

ಭಾಷೆಯ ವಿಷಯ. ಮಹಾರಾಷ್ಟ್ರದ ರಾಜಭಾಷೆ ಮರಾಠಿ. ಸಂವಿಧಾನದ 350ನೆಯ ಅನುಚ್ಛೇದ ಕುಂದುಕೊರತೆಯ ನಿವಾರಣೆಗಾಗಿ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಹಕ್ಕನ್ನು ಬಲ್ಲವರಾಗಿರುವುದು ಒಳ್ಳೆಯದು. ದಾಖಲೆ ಬೇಗ ಸಿಗಬೇಕೆಂದಿದ್ದರೆ ಅರ್ಜಿಯನ್ನು ಮರಾಠಿಯಲ್ಲಿ ಬರೆದು, ಹೆಸರುಗಳನ್ನು ಮಾತ್ರ ಮರಾಠಿ ಹಾಗೂ ಕನ್ನಡ ಎರಡೂ ಲಿಪಿಗಳಲ್ಲಿ ಕೊಡುವುದು ಇನ್ನೂ ಒಳ್ಳೆಯದು.

ಸಂಶೋಧಕರು ಬಿಡಬಾರದ ಒಂದು ಬೇಡಿಕೆಯಿದೆ. ಇಂದು ಕೊಡುವ ಮರಣ ಪ್ರಮಾಣಪತ್ರ ಗಣಕಯಂತ್ರದಲ್ಲಿ ಹೊಸದಾಗಿ ಟಂಕಿಸಿದ್ದು. ಮಹಾರಾಷ್ಟ್ರದಲ್ಲಿ ಮರಾಠಿ-ಇಂಗ್ಲಿಷ್, ಕರ್ನಾಟಕದಲ್ಲಿ ಕನ್ನಡ-ಇಂಗ್ಲಿಷ್. ಟಂಕಿಸುವಾಗ ಹಳೆಯ ಕಾಗುಣಿತ ಮತ್ತೊಮ್ಮೆ ಬದಲಾಗಬಹುದು. ಇಂಗ್ಲಿಷಿನ ರೂಪ ಮೂರನೆಯದೊಂದು ಹೆಸರನ್ನು ಹುಟ್ಟಿಸುತ್ತದೆ. ನ್ಯಾಯಾಲಯಕ್ಕೆ, ಬ್ಯಾಂಕಿಗೆ ಪ್ರಮಾಣಪತ್ರ ಸಾಕು. ಸಂಶೋಧನೆಗೆ ಮೂಲ ವಹಿಯ ಪುಟದ ದೃಢೀಕೃತ ನಕಲು ಬೇಕು. ಎರಡನ್ನೂ ಬೇರೆ ಬೇರೆಯಾಗಿ ಹೆಸರಿಸಿ ಕೇಳಬೇಕು. ಮರಣದ ವಹಿಗಳು ಶಾಶ್ವತ ಮಹತ್ತ್ವದ ದಾಖಲೆಗಳೆಂದೂ ನಾಶಪಡಿಸತಕ್ಕವಲ್ಲವೆಂದೂ ನೋಂದಣಿ ನಿಯಮಗಳು ಹೇಳುತ್ತವೆ. ಹಳೆಯ ವಹಿ ನೋಂದಣಾಧಿಕಾರಿಯ ಕೈಯಲ್ಲಿಲ್ಲವೆಂದರೆ ಅದು ಸುರಕ್ಷತೆಗಾಗಿ ಯಾವ ಅಧಿಕಾರಿಯ ವಶಕ್ಕೆ ಹೋಗಿದೆಯೆಂದು ಲಿಖಿತವಾಗಿ ಕೇಳಬೇಕು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯ ಅಡಿಯಲ್ಲಿ ಕೇಳಬಹುದು. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಬರಬೇಕು.

ವಹಿಯಲ್ಲಿ ಹೆಸರು ಇಲ್ಲವಾದರೆ ಹಾಗೆಂದು ಬರೆದುಕೊಡುವ ಲಭ್ಯವಿಲ್ಲದ ಪ್ರಮಾಣಪತ್ರಕ್ಕೆ 10ನೆಯ ಸಂಖ್ಯೆಯ ನಮೂನೆಯಿದೆ. ಅದನ್ನು ಕೇಳಿ ಪಡೆಯಬೇಕು. ಅದು ಆ ಸಾವು ನಡೆಯಲಿಲ್ಲವೆಂಬುದಕ್ಕೆ ಸಾಕ್ಷ್ಯವಲ್ಲ. ಆ ಕಚೇರಿಯಲ್ಲಿ, ಆ ವರ್ಷಗಳಲ್ಲಿ, ಕೇಳಿದ ಆ ಹೆಸರಿನಲ್ಲಿ ಸಿಗಲಿಲ್ಲವೆಂಬುದಕ್ಕಷ್ಟೇ ಸಾಕ್ಷ್ಯ. ಸಿದ್ದರಾಮಪ್ಪನನ್ನು ಕೇಳಿ ಇಲ್ಲವೆನ್ನಿಸಿಕೊಂಡವರು ಶಿದ್ರಾಮನನ್ನು ಕೇಳಲು ಮತ್ತೊಮ್ಮೆ ಹೋಗಬೇಕಾಗಬಹುದು.

ವಹಿ ಸಿಗದಾಗ

ಹಲವು ಹಳ್ಳಿಗಳ ಹಳೆಯ ವಹಿಗಳು ಗೆದ್ದಲಿಗೆ, ಮಳೆನೀರಿಗೆ ತುತ್ತಾಗಿವೆ. ಆಗ ನೆರವಿಗೆ ಬರುವುದು ಹೊಲದ ದಫ್ತರ. ಖಾತೆದಾರ ಸತ್ತಾಗ ವಾರಸುದಾರರ ಹೆಸರನ್ನು ಏರಿಸುವ ನಮೂದು ಗಾವ ನಮುನಾ 6ರಲ್ಲಿ, ಅಂದರೆ ಫೇರಫಾರದ ವಹಿಯಲ್ಲಿರುತ್ತದೆ. ಇಂಥವರು ಇಂಥ ದಿನ ಮೃತರಾದರು, ಇವರಿವರು ವಾರಸುದಾರರು ಎಂಬ ಆ ಸಾಲು ಮರಣದ ವಹಿಗಿಂತ ಹೆಚ್ಚನ್ನು ಹೇಳುತ್ತದೆ. ಮಕ್ಕಳು, ವಿಧವೆ, ಕೆಲವೊಮ್ಮೆ ಹೆಣ್ಣುಮಕ್ಕಳನ್ನು ಕೊಟ್ಟ ಊರೂ ಸಿಗುತ್ತದೆ. ಸಾತ-ಬಾರಾ ಉತಾರಾದಲ್ಲಿರುವ ಫೇರಫಾರ ಸಂಖ್ಯೆಯನ್ನು ಹಿಡಿದು ಹಿಂದಕ್ಕೆ ಸಾಗಿದರೆ ತಲೆಮಾರುಗಳ ಸರಪಳಿ ಬಿಚ್ಚಿಕೊಳ್ಳುತ್ತದೆ. ಹೊಲವಿಲ್ಲದವರಿಗೆ ಈ ದಾರಿಯಿಲ್ಲ. ಅವರ ಪಾಲಿಗೆ ಕೋತವಾಲ ಬುಕ್ ಕಳೆದುಹೋಗುವುದೆಂದರೆ ಹೆಸರೇ ಕಳೆದುಹೋದಂತೆ.

ಸರಕಾರದ ಹೊರಗಿನ ಆಕರಗಳೂ ಇವೆ. ಎತ್ತಿನ ಮೇಲೆ ಊರೂರು ತಿರುಗಿ ಒಕ್ಕಲುಗಳ ವಂಶಾವಳಿಯನ್ನು ಹಾಡಿ ಹೇಳುವ ಹೆಳವರು, ಮರಾಠಿಯಲ್ಲಿ ಹೆಳವಿಗಳು, ತಮ್ಮ ಚೋಪಡಿಗಳಲ್ಲಿ ಮನೆತನದ ಮೂಲ ಊರನ್ನೂ ಹೊಸ ಹೆಸರುಗಳನ್ನೂ ಬರೆದಿಟ್ಟುಕೊಳ್ಳುತ್ತಾರೆ. ಪಂಢರಪುರದಂಥ ಕ್ಷೇತ್ರಗಳ ಉಪಾಧ್ಯಾಯರ ವಹಿಗಳಲ್ಲಿ ಯಾತ್ರೆಗೆ ಬಂದವರ ಹೆಸರುಗಳುಂಟು. ಲಿಂಗಾಯತರಲ್ಲಿ ಹೂಳುವ ಪದ್ಧತಿಯಿರುವುದರಿಂದ ಹೊಲದ ಅಂಚಿನ ಗದ್ದುಗೆಗಳನ್ನೂ ಕಲ್ಲಿನ ಬರಹಗಳನ್ನೂ ನೋಡಬೇಕು. ಸತ್ತವರ ಸ್ಮರಣಾರ್ಥ ಕೊಟ್ಟ ತಾಮ್ರದ ಕೊಡ, ಹಿತ್ತಾಳೆಯ ಹರಿವಾಣಗಳ ಅಂಚಿನಲ್ಲಿ ಹೆಸರು, ಒಮ್ಮೊಮ್ಮೆ ದಿನಾಂಕವೂ ಕೆತ್ತಿರುತ್ತದೆ. ಇಲ್ಲಿ ಹೆಸರು ಕನ್ನಡದ ಮೂಲ ರೂಪದಲ್ಲಿ ಸಿಗುವ ಸಂಭವ ಹೆಚ್ಚು.

ಸಿಕ್ಕ ಮಾಹಿತಿಯನ್ನು ಪ್ರಕಟಿಸುವಾಗ ಸಂಯಮವಿರಲಿ. ಈಚಿನ ಸಾವುಗಳ ವಿವರ, ಜಾತಿಯ ನಮೂದು, ಆತ್ಮಹತ್ಯೆಯಂಥ ಸಂಗತಿಗಳು ಬದುಕಿರುವವರನ್ನು ನೋಯಿಸಬಲ್ಲವು. ಮನೆಯವರ ಒಪ್ಪಿಗೆಯಿಲ್ಲದೆ ಹೆಸರಿಸದಿರುವುದು ಸಂಶೋಧಕರ ಧರ್ಮ.

ತಿದ್ದುಪಡಿಯ ಪ್ರಶ್ನೆ

ವಹಿಯ ಮರಾಠಿ ರೂಪವನ್ನು ಕಂಡ ಮನೆಯವರು ಅದನ್ನು ತಪ್ಪೆಂದು ಬಗೆದು ತಿದ್ದಿಸಲು ಬಯಸುವುದು ಸಹಜ. ನಮ್ಮ ಕಾಲದ ನಮೂದಾದರೆ, ಆಸ್ತಿಗೋ ಪಿಂಚಣಿಗೋ ಅಡ್ಡಿಯಾಗಿದ್ದರೆ, ತಿದ್ದಿಸಲೇಬೇಕು. ಕಾಯಿದೆಯ 15ನೆಯ ಕಲಮು ಅದಕ್ಕೆ ದಾರಿ ಮಾಡಿದೆ. ಆ ಕಲಮು ವಿಧಿಸುವ ಕ್ರಮ ಗಮನಾರ್ಹ: ನೋಂದಣಾಧಿಕಾರಿ ಮೂಲ ನಮೂದನ್ನು ಅಳಿಸುವಂತಿಲ್ಲ, ಬದಲಿಸುವಂತಿಲ್ಲ, ಸರಿಯಾದ ವಿವರವನ್ನು ಅಂಚಿನಲ್ಲಿ ಬರೆದು, ದಿನಾಂಕ ಹಾಕಿ ಸಹಿ ಮಾಡಬೇಕು.

ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರಿಲ್ಲ. ನಿಲಾಬಾಯಿ ಎಂದು ಬರೆದ ಗುಮಾಸ್ತ ಸುಳ್ಳು ಬರೆಯಲಿಲ್ಲ. ತಾನು ಕೇಳಿದ್ದನ್ನು ತನ್ನ ಭಾಷೆಯಲ್ಲಿ ಬರೆದ. ನೀಲವ್ವ ಎಂದು ಕರೆದ ಮಕ್ಕಳದೂ ಸತ್ಯವೇ. ಮನೆಯ ಚರಿತ್ರೆಯನ್ನು ಬರೆಯುವಾಗ ಎರಡು ರೂಪಗಳನ್ನೂ ಉಳಿಸಿ, ಯಾವುದು ಎಲ್ಲಿಂದ ಬಂದಿತೆಂದು ಹೇಳಬೇಕು. ಒಂದನ್ನು ಅಳಿಸಿ ಇನ್ನೊಂದನ್ನು ಇಟ್ಟರೆ ಮುಂದಿನವರು ವಹಿಗೆ ಮರಳುವ ದಾರಿ ಮುಚ್ಚುತ್ತದೆ. ಎರಡು ಭಾಷೆಗಳ ನಡುವೆ ಬಾಳಿದ ಹೆಣ್ಣುಮಗಳೊಬ್ಬಳು ಆ ದಾರಿಯಲ್ಲಿಯೇ ನಮಗೆ ಸಿಗುತ್ತಾಳೆ.